ಮೇಲಿನ ಬಯಲು

ಜೂನ್ ೨೪

ಅಕ್ಕ,

ಬಂದು ಸೇರಿದೆ. ದಾರಿಯಲ್ಲಿ ಟ್ರಂಕಿನ ಬೀಗ ಮುರಿಯಿತು, ನಾನು ಮುರಿದಿಲ್ಲ. ಹಾಸ್ಟೆಲಿನ ಕೋಣೆಗೆ ಇಬ್ಬರು. ಇನ್ನೊಬ್ಬನ ಗೊರಕೆಗೆ ಬೇರೆಯೇ ಒಂದು ಪತ್ರ ಬೇಕು, ಈಗ ಬೇಡ. ಕಿಟಕಿಯ ಗಾಜು ಒಡೆದ ಕಡೆ ರಟ್ಟು ಸಿಕ್ಕಿಸಿದ್ದಾರೆ. ಗಾಜಿನ ಅಂಗಡಿಯ ಮನೆಯಲ್ಲಿ ಉಂಡು ಬೆಳೆದ ನನಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತದೆ. ಭಾವನಿಗೆ ಹೇಳು, ಇಲ್ಲೊಂದು ಅಂಗಡಿ ತೆರೆದರೆ ಕೈತುಂಬ ಕೆಲಸ.

ನಮ್ಮ ಭೂವಿಜ್ಞಾನ ವಿಭಾಗದಲ್ಲಿ ಮೆಟ್ಟಿಲ ಮೇಲೂ ಕಲ್ಲು, ಕಪಾಟಿನಲ್ಲೂ ಕಲ್ಲು, ಕೆಲವರ ತಲೆಯಲ್ಲೂ ಅದೇ. ಬೆಳಗಿನ ಪಾಠ ಒಬ್ಬ ಹಿರಿಯ ಮೇಷ್ಟ್ರದು. ಬಂಡೆ ಹೇಗೆ ಮಡಚಿಕೊಂಡಿತು, ಎಲ್ಲಿ ಮುರಿಯಿತು, ಯಾವ ಕಡೆ ಜಾರಿತು ಎಂದು ಓದುವ ವಿದ್ಯೆ ಅವರದು. ಯಾವ ಕಲ್ಲು ತೋರಿಸಿದರೂ ಮೊದಲ ಪ್ರಶ್ನೆ ಒಂದೇ: "ಎತ್ತ ವಾಲಿದೆಯಪ್ಪಾ?" ಅದಕ್ಕೇ ಹುಡುಗರೆಲ್ಲ ಅವರನ್ನು ವಾಲು ಮೇಷ್ಟ್ರು ಅನ್ನುತ್ತಾರೆ. ಅವರು ನಡೆಯುವುದೂ ಒಂದು ಕಡೆ ವಾಲಿಕೊಂಡೇ.

ಮಧ್ಯಾಹ್ನದ ಪಾಠ ಭೂಫಲಕಗಳದ್ದು. ನಾವು ನಿಂತ ನೆಲವೆಲ್ಲ ದೊಡ್ಡ ದೊಡ್ಡ ಹಲಗೆಗಳಂತೆ, ಅವು ಒಂದನ್ನೊಂದು ತಳ್ಳುತ್ತ, ಒಂದರ ಅಡಿಗೆ ಒಂದು ನುಗ್ಗುತ್ತ ಇರುತ್ತವಂತೆ. ಆ ತರಗತಿಯಲ್ಲಿ ಕೂತರೆ ನನಗೆ ಹಸಿವೂ ಗೊತ್ತಾಗುವುದಿಲ್ಲ ಅಕ್ಕ. ಖಂಡಗಳ ಲೆಕ್ಕದಲ್ಲಿ ಯೋಚಿಸಿ ಅಭ್ಯಾಸವಾದ ಮೇಲೆ ವಾಲು ಮೇಷ್ಟ್ರ ಅಂಗೈಯಗಲದ ಕಲ್ಲು ತೀರ ಸಣ್ಣದಾಗಿ ಕಾಣುತ್ತದೆ.

ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಇಲ್ಲಿಯವರೆಗೆ ತಂದವಳು ನೀನು. ಎದುರಿಗೆ ಹೇಳಿದರೆ ತಲೆಗೆ ಮೊಟಕುತ್ತೀಯೆ, ಅದಕ್ಕೆ ಇಲ್ಲಿ ಬರೆದಿದ್ದೇನೆ. ನನ್ನ ಪುಟ್ಟ ಸೊಸೆ ಚಿಕ್ಕುವಿಗೆ ಒಂದು ಮುತ್ತು.

ನಿನ್ನ ತಮ್ಮ

*

ಜುಲೈ ೧೯

ಏ ಪಂಡಿತ,

ಪತ್ರ ಓದಿ ಹೇಳಿದೆ. "ಇಲ್ಲೇ ಉಸಿರಾಡೋಕೆ ಪುರುಸೊತ್ತಿಲ್ಲ, ಅಲ್ಲಿ ಬಂದು ಏನು ಮಾಡ್ಲಿ?" ಎಂದರು ನಿನ್ನ ಭಾವ. ಮಾತು ನಿಜವೇ. ಒಂದು ತಿಂಗಳಿಂದ ಊರಿನ ಕಿಟಕಿ ಗಾಜುಗಳಿಗೆಲ್ಲ ಏನೋ ಬಂದಿದೆ. ಯಾರೂ ಕಲ್ಲು ಹೊಡೆದಿಲ್ಲ, ಗಾಳಿ ಬೀಸಿಲ್ಲ. ಮನೆಮಂದಿ ಕೂತು ಟೀ ಕುಡಿಯುವಾಗ ಟಪ್ ಎಂದು ಮೂಲೆಯಿಂದ ಮೂಲೆಗೆ ಸೀಳು. ಪಕ್ಕದ ಬೇಕರಿಯವರ ಮುಂದಿನ ದೊಡ್ಡ ಗಾಜು ಬದಲಾಯಿಸಿ ವಾರವಾಗಿಲ್ಲ, ಮತ್ತೆ ಹೋಯಿತು. ಭಾವನ ಕೈಚಳಕ ಸರಿಯಿಲ್ಲ ಎಂದು ಬೇಕರಿಯವರು ನಕ್ಕರು. ಇವರಿಗೆ ಆ ರಾತ್ರಿಯೆಲ್ಲ ಮುಖ ಗಂಟು.

ಅಣೆಕಟ್ಟಿನ ಬಾಗಿಲು ಹಾಕಿದ್ದಾರೆ. ನೀರು ಏರುತ್ತಲೇ ಇದೆ. ಕಣಿವೆಯ ತಳದ ಹಳೆಯ ರಸ್ತೆ ಹೋಯಿತು, ಸೇತುವೆಯ ಕಟಕಟೆಯೂ ಹೋಯಿತು. ಎದುರು ದಡಕ್ಕೆ ಈಗ ಲಾಂಚಿನಲ್ಲೇ ಹೋಗಬೇಕು. ಚಿಕ್ಕು ದಿನಾ ಬೆಳಿಗ್ಗೆ ಹೋಗಿ ನೀರು ಎಲ್ಲಿಗೆ ಬಂತು ಎಂದು ನೋಡಿ ಬಂದು ಬೀದಿಗೆಲ್ಲ ಸಾರುತ್ತಾಳೆ. ನಮ್ಮ ಬೀದಿ ಎತ್ತರದಲ್ಲಿದೆ, ನೀರು ಇಲ್ಲಿಗೆ ಬರುವುದಿಲ್ಲ ಎಂದು ಅಣೆಕಟ್ಟಿನ ಕಚೇರಿಯವರು ಮನೆಮನೆಗೂ ಹೇಳಿ ಹೋಗಿದ್ದಾರೆ. ನೀರಿನ ಬಣ್ಣ ಮಾತ್ರ ನನಗೆ ಹಿಡಿಸಿಲ್ಲ. ಹಸಿರೂ ಅಲ್ಲ, ನೀಲಿಯೂ ಅಲ್ಲ. ಏನೋ ಒಂದು ಥರ.

ಹೊಟ್ಟೆತುಂಬ ತಿನ್ನು. ಖಂಡಗಳು ಓಡಿಹೋಗುವುದಿಲ್ಲ.

ಅಕ್ಕ

*

ಆಗಸ್ಟ್ ೧೬

ಅಕ್ಕ,

ಒಂದು ಸುದ್ದಿ. ನನ್ನ ಈ ವರ್ಷದ ಪ್ರಬಂಧಕ್ಕೆ ನಮ್ಮ ಕಣಿವೆಯನ್ನೇ ಆರಿಸಿಕೊಂಡೆ!

ಇಲ್ಲಿ ಪ್ರಯೋಗಾಲಯದಲ್ಲಿ ವಿಮಾನದಿಂದ ತೆಗೆದ ಫೋಟೋಗಳಿವೆ. ಒಂದೇ ಜಾಗದ ಎರಡು ಫೋಟೋ ಪಕ್ಕಪಕ್ಕ ಇಟ್ಟು ಜೋಡಿ ಕನ್ನಡಕದಂಥ ಯಂತ್ರದಲ್ಲಿ ನೋಡಿದರೆ ಗುಡ್ಡ ಗುಡ್ಡವಾಗಿಯೇ ಎದ್ದು ನಿಲ್ಲುತ್ತದೆ. ನಮ್ಮ ಬೀದಿ ಕಂಡಿತು. ಅಂಗಡಿಯ ತಗಡಿನ ಮಾಡು ಕಂಡಿತು. ನೀನು ಬಟ್ಟೆ ಒಣಹಾಕಿದ್ದೆಯೋ ಏನೋ, ಒಂದು ಬಿಳಿ ಚುಕ್ಕೆ. ನಾನು ಕಣ್ಣು ತೆಗೆಯದೆ ನೋಡುತ್ತ ಕೂತೆ.

ಆಮೇಲೆ ಇನ್ನೊಂದು ಕಂಡಿತು. ಗುಡ್ಡದ ನೆತ್ತಿಯಿಂದ ನಮ್ಮ ಬೀದಿಯ ಪಕ್ಕದಲ್ಲೇ ಹಾದು, ನೀರಿನೊಳಗೆ ಇಳಿದು, ಎದುರು ದಡದಲ್ಲಿ ಮತ್ತೆ ಹತ್ತುವ ಒಂದು ನೇರ ಗೆರೆ. ಅದು ಸ್ತರಭಂಗ. ಅಂದರೆ ಯಾವಾಗಲೋ ಅಲ್ಲಿ ಬಂಡೆ ಮುರಿದು ಎರಡು ಪಾಲಾಗಿ ಸರಿದಿದೆ. ಭೂಕಂಪಗಳು ಹುಟ್ಟುವುದು ಇಂಥ ಕಡೆಯೇ. ನೀರಿನ ಭಾರ ಬಿದ್ದು ಅದು ಮತ್ತೆ ಮಿಸುಕುತ್ತಿರಬಹುದು ಎಂದು ನನ್ನ ಊಹೆ. ನಿಮ್ಮ ಗಾಜುಗಳು ಒಡೆಯುವುದಕ್ಕೂ ಅದೇ ಕಾರಣವಿರಬೇಕು.

ವಾಲು ಮೇಷ್ಟ್ರಿಗೆ ತೋರಿಸಿದೆ. ಹೊಗಳುತ್ತಾರೆಂದು ನಿಂತಿದ್ದರೆ, "ಗೆರೆ ಇರ್ಲಿ, ಈ ಗುಡ್ಡದ ಪದರ ಎತ್ತ ವಾಲಿದೆ? ಅಳೆದಿದೀಯಾ?" ಎಂದರು. ಇಲ್ಲ ಎಂದೆ. "ಮೊದಲು ಅದನ್ನ ಅಳೆ. ಆಮೇಲೆ ಖಂಡ ಓಡಿಸುವಿಯಂತೆ." ನಾಲ್ಕು ಜನರ ಮುಂದೆ ಮುಖ ಕೆಂಪಾಯಿತು. ರಜೆಯಲ್ಲಿ ಬಂದಾಗ ಅಳೆದರಾಯಿತು, ಏನು ಅವಸರ?

ಈಗ ನೀನು ಒಂದು ಕೆಲಸ ಮಾಡಬೇಕು. ಗೋಡೆಯಲ್ಲಿ ಬಿರುಕಿದ್ದರೆ ಅದರ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಸಿಮೆಂಟ್ ಮೆತ್ತು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಗಾಜಿಗೇನು ನಿಮ್ಮಲ್ಲಿ ಬರವೇ?

ನಿನ್ನ ತಮ್ಮ

*

ಸೆಪ್ಟೆಂಬರ್ ೧೨

ಪಂಡಿತ,

ನಿನ್ನ ಮಾತು ಕೇಳಿ ಅಡುಗೆಮನೆಯ ಗೋಡೆಗೆ, ಅಂಗಡಿಯ ಹಿಂಗೋಡೆಗೆ ಗಾಜಿನ ಪಟ್ಟಿ ಅಂಟಿಸಿದೆವು. ಚಿಕ್ಕು ಅದಕ್ಕೆ ಗೋಡೆಯ ಕನ್ನಡಕ ಎಂದು ಹೆಸರಿಟ್ಟಳು. ಅಡುಗೆಮನೆಯದು ಆಗಲೇ ಒಡೆಯಿತು. ಹೊಸದು ಹಾಕಿದೆವು, ಅದೂ ಹೋಯಿತು. ಈಗ ಹಾಕುವುದನ್ನೇ ಬಿಟ್ಟಿದ್ದೇನೆ. ಒಡೆಯುತ್ತದೆ ಎಂದು ಗೊತ್ತಾಯಿತಲ್ಲ, ಇನ್ನೇನು?

ನಗುತ್ತ ಶುರುಮಾಡಿದೆ, ಆದರೆ ನಗು ಬರುತ್ತಿಲ್ಲ. ಭಾವ ಊರಿನ ಚೌಕಟ್ಟುಗಳನ್ನೆಲ್ಲ ಅಳೆದವರು. ಚೌಕಟ್ಟು ಸರಿಯಿದ್ದರೆ ಮೂಲೆಯಿಂದ ಮೂಲೆಗೆ ಎರಡು ಅಳತೆಯೂ ಒಂದೇ ಬರಬೇಕು. ಈಗ ಒಂದೂ ಬರುವುದಿಲ್ಲವಂತೆ. ಹೋದ ವರ್ಷ ನೇರ ಗಾಜು ಕೂತ ಕಿಟಕಿಗೆ ಈ ವರ್ಷ ಸೊಟ್ಟ ಕತ್ತರಿಸಬೇಕು. ಬಡಗಿ ಹಸಿ ಮರ ಹಾಕಿದ್ದಾನೆ ಎಂದು ಇವರು ಬೈಯುತ್ತಾರೆ. ಇಡೀ ಊರಿಗೆ ಒಬ್ಬನೇ ಬಡಗಿ ಹಸಿ ಮರ ಹಾಕಿದನೇ ಎಂದು ಕೇಳಿದೆ. ಎಲ್ಲ ಚೌಕಟ್ಟೂ ನೀರಿನ ಕಡೆಗೇ ಸೊಟ್ಟಗಾಗಿವೆ ಎಂದು ಮಾತ್ರ ಹೇಳಿದರು.

ಮೊನ್ನೆ ಬೆಳಿಗ್ಗೆ ಕಪಾಟಿನ ಪಾತ್ರೆಗಳು ತಾವಾಗಿ ಗಲಗಲ ಅಂದವು. ಅಣೆಕಟ್ಟಿನ ಕಚೇರಿಯಿಂದ ಒಬ್ಬರು ಬಂದು ನೋಡಿ, "ಮನೆ ಹಳೇದಾಯ್ತಮ್ಮ, ಬಿರುಕು ಬಿಡದೆ ಇನ್ನೇನು ಬಿಡತ್ತೆ?" ಎಂದು ಟೀ ಕುಡಿದು ಹೋದರು.

ಬೇಕರಿಯವರು ಮನೆ ಖಾಲಿ ಮಾಡಿ ಎದುರು ದಡಕ್ಕೆ ಹೊರಟಿದ್ದಾರೆ. ಅಲ್ಲಿ ಬೇಕರಿಯವರ ಪಕ್ಕದಲ್ಲೇ ನಮಗೂ ಒಂದು ಮಳಿಗೆ ಸಿಗುತ್ತದೆ. ಭಾವನಿಗೆ ಮನಸ್ಸಿಲ್ಲ, ಅಂಗಡಿ ಹಿಡಿತಕ್ಕೆ ಬಂದಿರುವಾಗ ಯಾಕೆ ಕೀಳಬೇಕು ಎನ್ನುತ್ತಾರೆ. ಕೊನೆಗೆ, "ನಿನ್ನ ತಮ್ಮ ಓದ್ತಿರೋದು ಇದನ್ನೇ ತಾನೆ? ಅವನು ಹೋಗಿ ಅಂದ್ರೆ ಹೋಗೋಣ, ಇರಿ ಅಂದ್ರೆ ಇರೋಣ" ಎಂದರು. ಬೀದಿಯವರೂ ಅದನ್ನೇ ಕಾಯುತ್ತಿದ್ದಾರೆ. ಆಟವಾಡಬೇಡ, ಯೋಚಿಸಿ ಬರೆ.

ಅಕ್ಕ

*

ಸೆಪ್ಟೆಂಬರ್ ೨೯

ಅಕ್ಕ,

ಯೋಚಿಸಿದ್ದೇನೆ. ಗ್ರಂಥಾಲಯದಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಪಾತ್ರೆ ನಡುಗಿದ್ದು ಸಣ್ಣ ಭೂಕಂಪ. ಅದರಲ್ಲಿ ನನಗೆ ಅನುಮಾನವಿಲ್ಲ. ಇನ್ನೂ ಆಗಬಹುದು, ದೊಡ್ಡದೂ ಆಗಬಹುದು. ಆದರೆ ಎದುರು ದಡಕ್ಕೆ ಹೋಗಿ ಪ್ರಯೋಜನವಿಲ್ಲ. ಆ ಗೆರೆ ಅಲ್ಲಿಗೂ ಹೋಗಿದೆ, ನಡುಗಿದರೆ ಎರಡು ದಡವೂ ನಡುಗುತ್ತವೆ. ಬೇಕರಿಯವರು ಸುಮ್ಮನೆ ಒಲೆ ಕಿತ್ತುಕೊಂಡು ಹೋಗುತ್ತಿದ್ದಾರೆ, ಪಾಪ.

ಭೂಕಂಪದಲ್ಲಿ ಜನ ಸಾಯುವುದು ನೆಲದಿಂದಲ್ಲ, ಗೋಡೆಯಿಂದ. ನಮ್ಮ ಬೀದಿಯ ಕಲ್ಲುಗೋಡೆಗಳೇ ಶತ್ರು. ಹಾಗಾಗಿ ನಡುಕ ಬಂದ ಕೂಡಲೇ ಎಲ್ಲರೂ ಮನೆಬಿಟ್ಟು ಮೇಲಿನ ಬಯಲಿಗೆ ಓಡಬೇಕು. ಗುಡ್ಡದ ನಡುವಿನ ಆ ಚಪ್ಪಟೆ ಜಾಗಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಗೋಡೆಯಿಲ್ಲ, ಕಂಬವಿಲ್ಲ, ತಲೆಯ ಮೇಲೆ ಬೀಳುವಂಥದ್ದು ಏನೂ ಇಲ್ಲ. ನಡುಕ ನಿಲ್ಲದಿದ್ದರೆ ಅಲ್ಲೇ ಟಾರ್ಪಾಲು ಕಟ್ಟಿ ಮಲಗಿ. ಒಂದೆರಡು ಸಲ ಓಡಿ ಅಭ್ಯಾಸ ಮಾಡಿ, ಬೀದಿಯವರಿಗೂ ಹೇಳು.

ಇರಿ ಅಕ್ಕ. ಧೈರ್ಯವಾಗಿರಿ. ನನ್ನ ಜವಾಬ್ದಾರಿ.

ನಿನ್ನ ತಮ್ಮ

*

ಅಕ್ಟೋಬರ್ ೧೫
(ಕಾರ್ಡು)

ಅಕ್ಕ, ಪರೀಕ್ಷೆ ಶುರುವಾಗಿದೆ, ತಲೆ ಕೆರೆದುಕೊಳ್ಳಲೂ ಸಮಯವಿಲ್ಲ. ನಿನ್ನ ಎರಡು ಪತ್ರ ಬಂದಿವೆ, ಇನ್ನೂ ಸರಿಯಾಗಿ ಓದಿಲ್ಲ, ಸಿಟ್ಟಾಗಬೇಡ. ಬಯಲಿಗೆ ಓಡುವ ಅಭ್ಯಾಸ ಮಾಡಿದಿರಾ? ತಮ್ಮ.

*

ಅಕ್ಟೋಬರ್ ೨೮

ಪರೀಕ್ಷೆಯ ಪಂಡಿತನಿಗೆ,

ಸರಿಯಾಗಿ ಓದದಿದ್ದರೆ ಹೋಗಲಿ. ಮತ್ತೆ ಬರೆಯುತ್ತೇನೆ, ಬರೆಯದೆ ಇರಲಾಗುತ್ತಿಲ್ಲ.

ಅಭ್ಯಾಸ ಮಾಡಿದೆವು. ಅಂಗಡಿಯ ಗಂಟೆ ಬಾರಿಸಿದರೆ ಬೀದಿಯೆಲ್ಲ ಬಯಲಿಗೆ. ಮೊದಲ ಸಲ ಒಬ್ಬರ ಮೇಲೊಬ್ಬರು ಬಿದ್ದು ನಗೆಪಾಟಲಾಯಿತು. ಈಗ ಮುದುಕರೂ ಚುರುಕಾಗಿದ್ದಾರೆ. ನಿನ್ನ ಹೆಸರು ಬೀದಿಯಲ್ಲಿ ಹೇಗೆ ಓಡಾಡುತ್ತಿದೆ ಗೊತ್ತಾ? "ಅವನು ಹೇಳಿದಾನಂತೆ" ಅಂದರೆ ಮುಗಿಯಿತು, ಇನ್ನೊಂದು ಮಾತಿಲ್ಲ. ನನಗೆ ಒಳಗೊಳಗೇ ಹೆಮ್ಮೆ. ಬೇಕರಿಯವರು ಹೋದದ್ದಕ್ಕೆ ಎಲ್ಲರೂ ಹಿಂದಿನಿಂದ ಆಡಿಕೊಂಡು ನಗುತ್ತಾರೆ.

ಮಕ್ಕಳಿಗೆ ಬಯಲೇ ಮನೆಯಾಗಿದೆ. ಚಿಕ್ಕು ಚೆಂಡಾಡುವುದನ್ನು ನೋಡುವಾಗ ನೀನು ನೆನಪಾದೆ. ಅಲ್ಲಿ ಚೆಂಡು ಎಷ್ಟು ಜೋರಾಗಿ ಒದ್ದರೂ ಕೆಳಗೆ ನೀರಿನ ಕಡೆ ಉರುಳುವುದೇ ಇಲ್ಲ. ತಿರುಗಿ ಗುಡ್ಡದ ಕಡೆಗೇ ಬರುತ್ತದೆ. ನಾವು ಆಡಿದ ಇಷ್ಟು ವರ್ಷದಲ್ಲಿ ಒಂದು ಚೆಂಡೂ ಕಳೆದುಕೊಂಡಿರಲಿಲ್ಲ, ಅಲ್ವಾ?

ಬೇರೆ ಸಂಗತಿ. ಬೀದಿಯ ತುದಿಯಲ್ಲಿ ಎಂದೂ ಬತ್ತದ ಊಟೆ ಬತ್ತಿತು. ಅದೇ ವಾರ ಕೆಳಗಿನ ಮನೆಯವರ ಅಡುಗೆಮನೆಯ ನೆಲದಿಂದ ನೀರು ಜಿನುಗತೊಡಗಿತು, ಜೇಡಿ ನೀರು. ಟೆಲಿಫೋನ್ ಕಂಬಗಳು ಕುಡಿದವರ ಹಾಗೆ ವಾಲಿವೆ, ತಂತಿ ಬಿಗಿದು ಗುಂಯ್ ಎನ್ನುತ್ತದೆ. ಬಯಲಿನ ಮೇಲಂಚಿನಲ್ಲಿ, ಗುಡ್ಡ ಶುರುವಾಗುವ ಕಡೆ, ಹುಲ್ಲಿನಲ್ಲಿ ಒಂದು ಬಿರುಕು ಬಿಟ್ಟಿದೆ. ಕುಡುಗೋಲಿನ ಹಾಗೆ ಬಾಗಿ ಈ ತುದಿಯಿಂದ ಆ ತುದಿಯವರೆಗೆ. ಮಕ್ಕಳು ಅದರಲ್ಲಿ ಕಲ್ಲು ಹಾಕಿ ಕಿವಿಯಿಟ್ಟು ಕೇಳುತ್ತವೆ. ತಳ ಮುಟ್ಟಿದ ಸದ್ದು ಬರುವುದಿಲ್ಲವಂತೆ. ಬೈದು ಈಚೆ ಎಳೆದುಕೊಂಡು ಬಂದೆ.

ಇದಕ್ಕೆಲ್ಲ ನಿನ್ನ ಪುಸ್ತಕದಲ್ಲಿ ಏನಿದೆ? ಒಂದು ಸಾಲು ಬರೆ.

ಅಕ್ಕ

*

ನವೆಂಬರ್ ೯, ಸಂಜೆ

ಅಕ್ಕ,

ಮೊದಲು ಇದನ್ನು ಓದಿ ಎದ್ದುಬಿಡು, ಉಳಿದದ್ದು ಆಮೇಲೆ. ಬಯಲಿಗೆ ಹೋಗಬೇಡಿ. ಬಯಲಿನಲ್ಲಿ ಯಾರಿದ್ದರೂ ಎಬ್ಬಿಸು. ಮನೆಯಲ್ಲೂ ಇರಬೇಡಿ. ಸಿಕ್ಕ ಲಾಂಚು ಹತ್ತಿ ಎದುರು ದಡಕ್ಕೆ ಹೋಗಿ, ಬೇಕರಿಯವರು ಹೋದಲ್ಲಿಗೆ. ಸಾಮಾನು ಬೇಡ, ಗಾಜು ಬೇಡ, ಬಾಗಿಲಿಗೆ ಬೀಗವೂ ಬೇಡ.

ನಿನ್ನ ಇಪ್ಪತ್ತೆಂಟರ ಪತ್ರ ಹಾಸ್ಟೆಲಿನ ಡಬ್ಬಿಯಲ್ಲೇ ಬಿದ್ದಿತ್ತು. ಪರೀಕ್ಷೆ ನಿನ್ನೆ ಮುಗಿಯಿತು, ಇವತ್ತು ಮಧ್ಯಾಹ್ನ ತೆಗೆದೆ. ಬೆಳಿಗ್ಗೆಯಷ್ಟೇ ವಾಲು ಮೇಷ್ಟ್ರು ಒಂದು ಪ್ರಯೋಗ ತೋರಿಸಿದ್ದರು. ಓರೆಯಾಗಿಟ್ಟ ಒಂದು ಹಾಸುಹೆಂಚು, ಅದರ ಮೇಲೆ ತೆಳುವಾಗಿ ಜೇಡಿ, ಅದರ ಮೇಲೆ ಇನ್ನೊಂದು ಹೆಂಚು. ಜೇಡಿ ಒಣಗಿರುವಷ್ಟು ಹೊತ್ತು ಮೇಲಿನದು ಅಲುಗಲಿಲ್ಲ. ಕೆಳಗಿನ ಅಂಚಿಗೆ ಹನಿಹನಿಯಾಗಿ ನೀರು ಬಿಟ್ಟರು. ಬಹಳ ಹೊತ್ತು ಏನೂ ಆಗಲಿಲ್ಲ, ನಾವು ಆಕಳಿಸುತ್ತಿದ್ದೆವು. ಆಮೇಲೆ ಕೂದಲೆಳೆಯಷ್ಟು ಸರಿಯಿತು. ಆಮೇಲೆ ಒಮ್ಮೆಲೇ ಮೇಜಿನಿಂದ ಕೆಳಗೆ ಬಿದ್ದು ಚೂರಾಯಿತು.

ನಿನ್ನ ಪತ್ರ ಹಿಡಿದು ಅವರ ಕೋಣೆಗೆ ಓಡಿದೆ. ಓದುತ್ತ ಓದುತ್ತ ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಆ ಗೆರೆ ಸತ್ತು ಕೋಟಿ ವರ್ಷ ಆಗಿದೆ. ಅದನ್ನ ಬಿಡು. ಚೆಂಡು ಗುಡ್ಡದ ಕಡೆ ಯಾಕೆ ಉರುಳತ್ತೆ? ಹೇಳು" ಎಂದರು. ಹೇಳುವಷ್ಟರಲ್ಲಿ ನನಗೇ ಗೊತ್ತಾಯಿತು.

ಕಡಿದಾದ ಗುಡ್ಡದ ನಡುವೆ ಚಪ್ಪಟೆ ಬಯಲು ತಾನಾಗಿ ಇರುವುದಿಲ್ಲ ಅಕ್ಕ. ಎಂದೋ ಒಂದು ಕಾಲದಲ್ಲಿ ಗುಡ್ಡದ ಒಂದು ದೊಡ್ಡ ತುಂಡು ಜಾರಿ ಬಂದು ಹಿಂದಕ್ಕೆ ವಾಲಿ ಕೂತಿದೆ. ಅದಕ್ಕೇ ಚೆಂಡು ಹಿಂದೆ ಬರುತ್ತದೆ. ಆ ತುಂಡಿನ ಮೇಲ್ಭಾಗ ನಮ್ಮ ಬಯಲು, ಕೆಳಭಾಗ ನಮ್ಮ ಬೀದಿ. ಅದರ ಅಡಿಯ ಪದರಗಳೆಲ್ಲ ನೀರಿನ ಕಡೆಗೆ ವಾಲಿವೆ, ನಡುವೆ ಜೇಡಿ. ಜಲಾಶಯದ ನೀರು ಅಡಿಯಿಂದ ಅದನ್ನು ನೆನೆಸುತ್ತಿದೆ. ಪಾತ್ರೆ ಗಲಗಲ ಅಂದದ್ದು ಭೂಕಂಪವಲ್ಲ, ತುಂಡು ಕಿತ್ತುಕೊಳ್ಳುತ್ತಿರುವ ಸದ್ದು. ನೀನು ಬರೆದ ಕುಡುಗೋಲಿನ ಬಿರುಕೇ ಅದು ಬಿಡಿಸಿಕೊಳ್ಳುತ್ತಿರುವ ಗೆರೆ. ಎದುರು ದಡದಲ್ಲಿ ಪದರಗಳು ಗುಡ್ಡದ ಒಳಕ್ಕೆ ವಾಲಿವೆ, ಅಲ್ಲಿ ಗುಡ್ಡ ಜಾರುವುದಿಲ್ಲ. ಇದೆಲ್ಲ ಆ ಫೋಟೋದಲ್ಲೇ ಇತ್ತು. ಆಗಸ್ಟಿನಲ್ಲೇ ನನ್ನ ಕಣ್ಣೆದುರಿಗೇ ಇತ್ತು. ನಾನು ಗೆರೆ ನೋಡುತ್ತ ಕೂತೆ.

ಟೆಲಿಫೋನ್ ಕಚೇರಿಗೆ ಹೋದೆ. ನಿಮ್ಮ ಕಣಿವೆಯ ತಂತಿ ನಿನ್ನೆಯಿಂದ ಸತ್ತಿದೆಯಂತೆ, ಕಂಬ ಬಿದ್ದಿದೆಯಂತೆ. ತಂತಿ ಸಂದೇಶವೂ ಅದೇ ದಾರಿ. ಅಣೆಕಟ್ಟಿನವರ ಮುಖ್ಯ ಕಚೇರಿಗೆ ಮೇಷ್ಟ್ರೇ ಫೋನು ಮಾಡಿದರು. ಕಾಗದದಲ್ಲಿ ಬರೆದು ಕಳಿಸಿ, ಪರಿಶೀಲಿಸುತ್ತೇವೆ ಎಂದರಂತೆ. ಬಸ್ಸು ಬೆಳಿಗ್ಗೆಯೇ. ಟಪಾಲಿನ ವ್ಯಾನು ಈಗ ಹೊರಡುತ್ತದೆ, ಅದು ನನಗಿಂತ ಮೊದಲು ತಲುಪುತ್ತದೆ. ನನ್ನನ್ನೂ ಹತ್ತಿಸಿಕೋ ಎಂದು ಡ್ರೈವರನ ಕೈ ಹಿಡಿದೆ, ಆಗುವುದಿಲ್ಲ ಎಂದ. ಮೊದಲ ಬಸ್ಸಿಗೇ ಬರುತ್ತಿದ್ದೇನೆ.

ನನ್ನ ಮಾತು ನಂಬಬೇಡಿ ಎಂದು ಬೀದಿಯವರಿಗೆಲ್ಲ ಹೇಳು. ಮೊದಲು ಹೇಳಿದ್ದನ್ನು ನಂಬಬೇಡಿ, ಇದನ್ನು ನಂಬಿ. ಅಕ್ಕ, ಹೊರಡು.

ತಮ್ಮ

*

ನವೆಂಬರ್ ೯, ಮಧ್ಯಾಹ್ನ
ಮೇಲಿನ ಬಯಲು

ಪಂಡಿತ,

ವಿಳಾಸ ನೋಡಿ ಗಾಬರಿಯಾದೆಯಾ? ನಿನ್ನೆ ಬೆಳಿಗ್ಗೆ ದೊಡ್ಡದೊಂದು ಬಂತು ಕಣೋ. ಅಂಗಡಿಯಲ್ಲಿ ಒರಗಿಸಿಟ್ಟ ಗಾಜು ಅಷ್ಟೂ ಪುಡಿ. ಭಾವ ಅದರ ಕಡೆ ತಿರುಗಿಯೂ ನೋಡಲಿಲ್ಲ, ಗಂಟೆ ಬಾರಿಸಿದರು. ಒಬ್ಬರಿಗೂ ಒಂದು ತರಚುಗಾಯವಿಲ್ಲದೆ ಬೀದಿಗೆ ಬೀದಿಯೇ ಮೇಲೆ ಬಂದು ಸೇರಿತು. ನಮ್ಮ ಅಡುಗೆಮನೆಯ ಗೋಡೆ ಬಿದ್ದದ್ದು ಆಮೇಲೆ. ಒಳಗಿದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನೀನೇ ಉಳಿಸಿದೆ.

ಟಾರ್ಪಾಲು ಕಟ್ಟಿದ್ದೇವೆ. ಎಲ್ಲರದ್ದೂ ಒಂದೇ ಒಲೆ, ಒಂದೇ ಜಗಳ. ಬಿರುಕು ಅಗಲವಾಗಿದೆ. ಪೊದೆಯ ಕಡೆ ಹೋಗಿಬರುವವರಿಗೆ ದಾಟಲು ಭಾವ ಅಂಗಡಿಯ ಬಾಗಿಲನ್ನೇ ಕಿತ್ತು ತಂದು ಅಡ್ಡ ಹಾಕಿದ್ದಾರೆ. ಬೆಳಿಗ್ಗೆ ಹಾಕಿದ್ದು ಸಾಲಲಿಲ್ಲ, ಈಗ ಇನ್ನೊಂದು ತರಬೇಕು.

ಇನ್ನೊಂದು ಒಳ್ಳೆಯ ಕೆಲಸವೂ ಆಯಿತು. ಎದುರು ದಡದಲ್ಲಿ ಗೋಡೆಗಳ ನಡುವೆ ಕೂತಿರುವ ಬೇಕರಿಯವರ ಗತಿಯೇನು ಎಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಷ್ಟಾದರೂ ಇಪ್ಪತ್ತು ವರ್ಷದ ನೆರೆಯವರು. ಭಾವ ಲಾಂಚಿನಲ್ಲಿ ಹೋಗಿ ಅವರನ್ನೆಲ್ಲ ಕರೆತಂದರು. ಅವರು ಒಪ್ಪಿರಲಿಲ್ಲ, "ಅವನು ಹೇಳಿದಾನೆ" ಎಂದು ನಿನ್ನ ಪತ್ರ ಓದಿ ತೋರಿಸಿದ ಮೇಲೆ ಹೊರಟರು. ಅವರ ತಾಯಿಗೆ ನಡೆಯಲಾಗುವುದಿಲ್ಲ, ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಗುಡ್ಡ ಹತ್ತಿಸಿದರು. ಅಜ್ಜಿ ಬಂದಾಗಿನಿಂದ ಗೊಣಗುತ್ತಿದ್ದಾರೆ. "ಅಲ್ಲೇ ಚೆನ್ನಾಗಿತ್ತು. ಇಲ್ಲಿ ಕಾಲ ಕೆಳಗೆ ಏನೋ ಗುಂಯ್ ಅನ್ನತ್ತೆ ಕಣಮ್ಮ" ಎಂದು ನನ್ನ ಕೈ ಎಳೆದು ನೆಲಕ್ಕೆ ಒತ್ತಿಸಿದರು. ನನಗೂ ಹಾಗೇ ಅನ್ನಿಸಿತು, ಆದರೆ ಗಾಳಿಯ ಸದ್ದು ಅಜ್ಜಿ ಎಂದೆ.

ನಿಜ ಹೇಳಲಾ? ಭಯವಾಗುತ್ತಿದೆ. ಮಕ್ಕಳು ಆಡುವುದನ್ನು ನಿಲ್ಲಿಸಿವೆ. ಚಿಕ್ಕು ನನ್ನ ಸೆರಗು ಬಿಡುತ್ತಿಲ್ಲ. ನೀನು ಹೇಳಿದ ಜಾಗದಲ್ಲಿ ಇದ್ದೇವಲ್ಲ ಎಂಬುದೊಂದೇ ಧೈರ್ಯ. ಅದನ್ನೇ ಎಲ್ಲರಿಗೂ ಹೇಳಿ ಹೇಳಿ ಸಮಾಧಾನ ಮಾಡುತ್ತಿದ್ದೇನೆ.

ಟಪಾಲಿನವನು ಕೆಳಗೆ ಬಂದಿದ್ದಾನಂತೆ, ಭಾವ ಹೋಗಿ ಕೊಟ್ಟುಬರುತ್ತಾರೆ. ನೀನು ರಜೆ ಹಾಕಿ ಬರುವುದಾದರೆ ಮನೆಯ ಬಾಗಿಲು ತಟ್ಟುತ್ತ ನಿಲ್ಲಬೇಡ, ಅಲ್ಲಿ ಯಾರೂ ಇಲ್ಲ. ನೇರ ಇಲ್ಲಿಗೇ ಬಾ. ಎಲ್ಲರೂ ಇಲ್ಲೇ ಇದ್ದೇವೆ.

ಅಕ್ಕ